ಡಾಸ್ ಆಟಕ್ಕೆ ಎಕ್ಸ್‌ಬಾಕ್ಸ್ ಪ್ಯಾಡ್: ಜಾಯ್‌ಸ್ಟಿಕ್ ಅಂತ ಹೇಳಲೇಬೇಡಿ

1990ರಲ್ಲಿ ಡಾಸ್‌ಗೆ (ವಿಂಡೋಸ್‌ಗಿಂತ ಮುಂಚಿನ ಪಿಸಿ ವ್ಯವಸ್ಥೆ) ಬಂದ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಕಂಟ್ರೋಲ್-ಜೆ ಒತ್ತಿದರೆ ಜಾಯ್‌ಸ್ಟಿಕ್ ಚಾಲೂ ಆಗುತ್ತದೆ. ಪ್ಯಾಡ್ ಸಿಕ್ಕಿಸಿದವರು ಮೊದಲು ಮಾಡುವುದೂ ಅದನ್ನೇ. ಆಮೇಲೆ ಕೈ ತೆಗೆದರೂ ರಾಜಕುಮಾರ ಎಡಕ್ಕೆ ಓಡಿ ಗುಂಡಿಗೆ ಬೀಳುತ್ತಾನೆ. ಪ್ಯಾಡ್ ಕೆಟ್ಟಿರುವುದಿಲ್ಲ.

ಜಾಯ್‌ಸ್ಟಿಕ್ ಸಿಕ್ಕಿಸುತ್ತಿದ್ದ ಹಳೆಯ ಗೇಮ್‌ಪೋರ್ಟ್‌ ಸ್ಟಿಕ್ ಎಲ್ಲಿದೆ ಅಂತ ಅಂಕಿ ಕೊಡುತ್ತಿರಲಿಲ್ಲ. ಸ್ಟಿಕ್‌ನೊಳಗೆ ಸುಮಾರು 100 ಕಿಲೋಓಮ್‌ನ ಪೊಟೆನ್ಷಿಯೋಮೀಟರ್, ಅಂದರೆ ಸ್ಟಿಕ್ ಸರಿದಂತೆ ಬದಲಾಗುವ ರೆಸಿಸ್ಟರ್. ಅದರ ಮೂಲಕ ಕೆಪಾಸಿಟರ್ ಚಾರ್ಜ್ ಆಗಲು ಎಷ್ಟು ಹೊತ್ತು ಹಿಡಿಯಿತು ಅಂತ ಆಟವೇ ಲೂಪ್ ಸುತ್ತಿ ಎಣಿಸಬೇಕಿತ್ತು. ಪ್ರೊಸೆಸರ್ ವೇಗ ಬದಲಾದರೆ ಎಣಿಕೆಯೂ ಬದಲು. ಸ್ಟಿಕ್‌ನ ನಡು ಎಲ್ಲಿ ಅಂತ ಆಟಕ್ಕೆ ತಿಳಿಸುವ ಕ್ಯಾಲಿಬ್ರೇಷನ್ ಮುಗಿಸಿ, ಈಗಿನ ಕಂಪ್ಯೂಟರಿನಲ್ಲಿ ಡಾಸ್ ಆಟ ಓಡಿಸುವ ಡಾಸ್‌ಬಾಕ್ಸ್‌ನ ಸೈಕಲ್ಸ್ (ಅದರ ನಕಲಿ ಪ್ರೊಸೆಸರ್‌ನ ವೇಗ) ಏರಿಸಿದರೆ, ನಡುವೆ ನಿಂತ ಸ್ಟಿಕ್ ಆಟದ ಲೆಕ್ಕದಲ್ಲಿ ನಡುವೆ ಇರುವುದಿಲ್ಲ. ಮೇಲಾಗಿ ಇಡೀ ಪೋರ್ಟ್‌ಗೆ ನಾಲ್ಕೇ ಬಟನ್.

ಹಾಗಾಗಿ ನಾನು ಆಟಕ್ಕೆ ಜಾಯ್‌ಸ್ಟಿಕ್ ತೋರಿಸುವುದೇ ಇಲ್ಲ, ಪ್ಯಾಡನ್ನು ಕೀಬೋರ್ಡ್ ಮಾಡಿಬಿಡುತ್ತೇನೆ. ಡಾಸ್‌ಬಾಕ್ಸ್‌ನದೇ ಒಂದು ಆವೃತ್ತಿಯಾದ ಡಾಸ್‌ಬಾಕ್ಸ್ ಸ್ಟೇಜಿಂಗ್‌ನ ಕಾನ್ಫಿಗ್ ಫೈಲಿನಲ್ಲಿ ಜಾಯ್‌ಸ್ಟಿಕ್‌ಟೈಪ್ ಎದುರು 'ಹಿಡನ್' ಅಂತ ಹಾಕಬೇಕು. 'ಡಿಸೇಬಲ್ಡ್' ಅಂತ ಹಾಕಿದರೆ ಬಟನ್‌ಗಳನ್ನು ಕೀಗಳಿಗೆ ಜೋಡಿಸುವ ಮ್ಯಾಪರ್‌ಗೂ ಪ್ಯಾಡ್ ಕಾಣದು. 'ಆಟೋ' ಬಿಟ್ಟರೆ ಆಟಕ್ಕೂ ಕಂಡು ಒಂದೇ ಒತ್ತು ಎರಡು ಕಡೆಯಿಂದ ಹೋಗುತ್ತದೆ.

ಪ್ಯಾಡ್ ಸಿಕ್ಕಿಸಿದ ಮೇಲೆಯೇ ಡಾಸ್‌ಬಾಕ್ಸ್ ತೆರೆಯಿರಿ. ಕಂಟ್ರೋಲ್-ಎಫ್1 ಒತ್ತಿದರೆ ಮ್ಯಾಪರ್ ತೆರೆದು ಕೀಬೋರ್ಡಿನ ಚಿತ್ರ ಬರುತ್ತದೆ. ಬಲ ಬಾಣದ ಕೀ ಮೇಲೆ ಕ್ಲಿಕ್, 'ಆಡ್' ಕ್ಲಿಕ್, ನಂತರ ಡಿ-ಪ್ಯಾಡ್‌ನ (ಪ್ಯಾಡಿನ ಎಡಗಡೆ ಇರುವ ಕೂಡು ಗುರುತಿನ ಬಟನ್) ಬಲಭಾಗ ಒತ್ತಿ. ಎಡಕ್ಕೂ ಕೆಳಕ್ಕೂ ಹೀಗೆಯೇ. ಮೇಲಿನ ಬಾಣವನ್ನು ಮಾತ್ರ ನಾನು ಡಿ-ಪ್ಯಾಡ್‌ಗೆ ಕೊಡುವುದಿಲ್ಲ, ಎ ಬಟನ್‌ಗೆ ಕೊಡುತ್ತೇನೆ. ಅಗ್ಗದ ಪ್ಯಾಡ್‌ಗಳಲ್ಲಿ ಬಲಕ್ಕೆ ಒತ್ತಿದ ಹೆಬ್ಬೆರಳು ಚೂರು ಮೇಲೆ ಜಾರಿದರೂ ರಾಜಕುಮಾರ ಹಾರಿಬಿಡುತ್ತಾನೆ. ಮುಂದೆ ಮುಳ್ಳುಗಳಿದ್ದರೆ ಕತೆ ಮುಗಿಯಿತು. ಎ ಬಟನ್ ಆದರೆ ಎಡ ಹೆಬ್ಬೆರಳು ಓಡಿಸುತ್ತಿರುತ್ತದೆ, ಬಲ ಹೆಬ್ಬೆರಳು ಹಾರಿಸುತ್ತದೆ.

ಶಿಫ್ಟ್‌ಗೆ ಎರಡು ಬಟನ್ ಕೊಡಿ. ಹುಷಾರಾಗಿ ಒಂದೊಂದೇ ಹೆಜ್ಜೆ ಇಡಲು ಶಿಫ್ಟ್ ಹಿಡಿದೇ ಇರಬೇಕು, ಅದಕ್ಕೆ ಬಲ ಬಂಪರ್ (ಪ್ಯಾಡಿನ ಮೇಲಂಚಿನ ಬಟನ್). ಕತ್ತಿ ಬೀಸಲು ಚಟಕ್ಕನೆ ಒತ್ತಬೇಕು, ಅದಕ್ಕೆ ಎಕ್ಸ್. ಕೊನೆಗೆ 'ಸೇವ್' ಒತ್ತಿಯೇ ಹೊರಬನ್ನಿ. ಇನ್ನೊಂದು ಡಾಸ್ ಆಟ ಡೇಂಜರಸ್ ಡೇವ್‌ನಲ್ಲಿ ಗುಂಡು ಹಾರಿಸಲು ಕಂಟ್ರೋಲ್, ಜೆಟ್‌ಪ್ಯಾಕ್‌ಗೆ ಆಲ್ಟ್. ಆದ್ದರಿಂದ ಪ್ರತಿ ಆಟಕ್ಕೂ ಬೇರೆ ಮ್ಯಾಪರ್‌ಫೈಲ್ (ಈ ಜೋಡಣೆ ಸೇವ್ ಆಗುವ ಫೈಲ್) ಇಡುವುದೇ ವಾಸಿ.

ಹಳೆಯ ವಿಂಡೋಸ್ ಕಾರ್ ರೇಸ್‌ಗಳ ತಕರಾರೇ ಬೇರೆ. ಆ ಆಟಗಳು ಪ್ಯಾಡ್ ಓದಲು ಬಳಸುವ ಡೈರೆಕ್ಟ್‌ಇನ್‌ಪುಟ್‌ಗೆ ಎಕ್ಸ್‌ಬಾಕ್ಸ್ ಪ್ಯಾಡಿನ ಎರಡೂ ಟ್ರಿಗರ್ ಒಂದೇ ಆಕ್ಸಿಸ್ ಆಗಿ ಕಾಣುತ್ತವೆ. ಎರಡನ್ನೂ ಪೂರ್ತಿ ಒತ್ತಿದರೆ ಒಂದನ್ನೊಂದು ಕಳೆದು ಸೊನ್ನೆ: ಆಕ್ಸಿಲರೇಟರ್ ಬಿಡದೆ ಬ್ರೇಕ್ ಹಾಕಲಾಗದು. ಇದಕ್ಕೆ ಕ್ಸಿಡಿ (Xidi) ಎಂಬ ಉಚಿತ ಡಿಎಲ್‌ಎಲ್ (ಆಟದ ಜೊತೆ ಲೋಡ್ ಆಗುವ ಫೈಲ್) ಇದೆ. ಆಟದ ಇಎಕ್ಸ್‌ಇ ಫೈಲಿನ ಪಕ್ಕದಲ್ಲೇ ಇಡಬೇಕು. ವಿಂಡೋಸ್ 64-ಬಿಟ್ ಆದರೂ ಆಟ 32-ಬಿಟ್ ಆದ್ದರಿಂದ ಡಿಎಲ್‌ಎಲ್ ಕೂಡ 32-ಬಿಟ್‌ನದೇ ಬೇಕು. ತಪ್ಪಿದರೆ ಕೆಲಸ ಮಾಡದು.

ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4 ಪ್ಯಾಡ್ ಇದ್ದವರಿಗೆ ಮೆನುವಿನಲ್ಲಿ ಒಮ್ಮೆ ಒತ್ತಿದರೆ ಎರಡು ಸಾಲು ಹಾರುತ್ತಿದ್ದರೆ, ಆಟಕ್ಕೆ ಅಸಲಿ ಪ್ಯಾಡೂ ಅದನ್ನು ಎಕ್ಸ್‌ಬಾಕ್ಸ್ ಪ್ಯಾಡಿನಂತೆ ತೋರಿಸುವ ಡಿಎಸ್4ವಿಂಡೋಸ್ ತಂತ್ರಾಂಶ ಹುಟ್ಟಿಸಿದ ನಕಲಿ ಪ್ಯಾಡೂ ಕಾಣುತ್ತಿವೆ ಅಂತ ಅರ್ಥ. ಹಿಡ್‌ಹೈಡ್ ಎಂಬ ತಂತ್ರಾಂಶದಿಂದ ಅಸಲಿಯನ್ನು ಮರೆಮಾಡಿ. ಇನ್ನು ಪ್ಯಾಡಿನ ದೀಪ ಉರಿದರೂ ವಿಂಡೋಸ್‌ಗೆ ಏನೂ ಕಾಣದಿದ್ದರೆ, ಡ್ರೈವರ್ ಹುಡುಕುವ ಮೊದಲು ಕೇಬಲ್ ಬದಲಿಸಿ ನೋಡಿ. ಬರೀ ಚಾರ್ಜ್ ಆಗುವ ಕೇಬಲ್‌ನಲ್ಲಿ ಡೇಟಾ ತಂತಿಯೇ ಇರುವುದಿಲ್ಲ.