ಬೆಂಕಿ ಬಿದ್ದರೆ ಮೊದಲು ಊರಿನ ಹೆಸರು ಹೇಳಿ: ಕಾಸರಗೋಡಿಗೆ ಹೊಸದಾಗಿ ಬಂದವರಿಗೆ

ಕಾಸರಗೋಡಿನಲ್ಲಿ ಹೊಸದಾಗಿ ಮನೆ ಮಾಡಿದವರು ನಮ್ಮ ಸಂಘಕ್ಕೆ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕನ್ನಡ ಮೀಡಿಯಂ ಶಾಲೆ ಎಲ್ಲಿದೆ? ರೇಷನ್ ಕಾರ್ಡ್ ಹೇಗೆ? ಕುಚ್ಚಲಕ್ಕಿ ಒಗ್ಗುವುದಿಲ್ಲ, ಬೆಳ್ತಿಗೆ ಅಕ್ಕಿ ಎಲ್ಲಿ ಸಿಗುತ್ತದೆ? ಫೈರ್ ಸ್ಟೇಷನ್ ಎಲ್ಲಿದೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ನಾನೂ ಬಂದ ಹೊಸದರಲ್ಲಿ ಕೇಳಿರಲಿಲ್ಲ, ಬಿಡಿ.

ಮೊದಲು ಹೆಸರು. ಕರ್ನಾಟಕದಲ್ಲಿ ನಾವು ಅಗ್ನಿಶಾಮಕ ದಳ ಅಂತೀವಿ. ಇಲ್ಲಿನ ಇಲಾಖೆಗೆ ಕೇರಳ ಫೈರ್ ಆಂಡ್ ರೆಸ್ಕ್ಯೂ ಸರ್ವಿಸಸ್ ಎಂದು ಹೆಸರು. ಸ್ಟೇಷನ್ನಿನ ಬೋರ್ಡಿನಲ್ಲಿ ‘ಅಗ್ನಿರಕ್ಷಾ ನಿಲಯಂ’ ಎಂದು ಮಲಯಾಳದಲ್ಲಿ ಇರುತ್ತದೆ. ಜನರ ಬಾಯಲ್ಲಿ ಮಾತ್ರ ‘ಫಯರ್ ಫೋರ್ಸ್’. ರಿಕ್ಷಾದವರಿಗೆ ಹಾಗೇ ಹೇಳಿ, ಕರೆದುಕೊಂಡು ಹೋಗುತ್ತಾರೆ. ಜಿಲ್ಲೆಯಲ್ಲಿ ಕಾಸರಗೋಡು, ಉಪ್ಪಳ, ಕಾಞಂಗಾಡು, ಕುತ್ತಿಕೋಲು, ತೃಕ್ಕರಿಪುರಗಳಲ್ಲಿ ಸ್ಟೇಷನ್ ಇವೆ. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಉಪ್ಪಳ ಹತ್ತಿರ. ಪೆರ್ಲದಂಥ ಒಳನಾಡಿನಲ್ಲಿ ಇರುವವರು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಗಾಡಿ ಬರಲು ಅರ್ಧ ಗಂಟೆಗೂ ಜಾಸ್ತಿ ಹಿಡಿಯಬಹುದು. ಗುಡ್ಡ ಹತ್ತಿ ಇಳಿಯುವ ತಿರುವಿನ ದಾರಿ, ಅದರ ಮೇಲೆ ಮಳೆ. ಹಾಗಾಗಿ ‘ನೋಡೋಣ, ನಾವೇ ಆರಿಸೋಣ, ಆಗದಿದ್ದರೆ ಫೋನ್ ಮಾಡೋಣ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲು ಫೋನ್, ಆಮೇಲೆ ಬಕೆಟ್.

ಫೋನಿನಲ್ಲಿ ಏನು ಹೇಳುವುದು

ನಂಬರ್ ಎಲ್ಲರಿಗೂ ಗೊತ್ತು. ಫಯರ್ ಫೋರ್ಸಿಗೆ 101, ಎಲ್ಲಾ ತುರ್ತಿಗೂ 112. ಎಡವುವುದು ಜಾಗ ಹೇಳುವಾಗ.

ಗಡಿಯ ಹತ್ತಿರ ಮೊಬೈಲ್ ಕೆಲವೊಮ್ಮೆ ಆಚೆ ರಾಜ್ಯದ ಟವರ್ ಹಿಡಿಯುತ್ತದೆ. ತಲಪಾಡಿ ಆಸುಪಾಸಿನಲ್ಲಿ ಇರುವವರಿಗೆ ಇದು ದಿನಾ ಗೊತ್ತಾಗುವ ವಿಷಯ. ನೀವು ಕೇರಳದಲ್ಲಿ ನಿಂತು ಒತ್ತಿದ ನಂಬರ್ ಕರ್ನಾಟಕದ ಕಡೆ ಹೋಗಿ ಕೂತರೆ? ನಮ್ಮ ಮನೆಯ ಕಥೆ ಹೇಳುತ್ತೇನೆ. ಪಕ್ಕದ ಮನೆಯ ಬೈಹುಲ್ಲಿಗೆ ಬೆಂಕಿ ಹಿಡಿದಾಗ ನಾನು ಗಾಬರಿಯಲ್ಲಿ ‘ಹೊಸದುರ್ಗ, ಹೊಸದುರ್ಗ’ ಎಂದು ಕೂಗಿದೆ. ಆ ಕಡೆಯವರು ಶಾಂತವಾಗಿ ‘ಚಿತ್ರದುರ್ಗ ಜಿಲ್ಲೆಯ ಹೊಸದುರ್ಗವಾ?’ ಎಂದರು. ಕಾಞಂಗಾಡಿಗೆ ಕನ್ನಡದವರು ಹೊಸದುರ್ಗ ಎನ್ನುತ್ತೇವೆ, ತಾಲೂಕಿನ ಹೆಸರೂ ಅದೇ. ಆದರೆ ಆ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದದ್ದು ‘ಕೇರಳ, ಕಾಸರಗೋಡು ಜಿಲ್ಲೆ, ಕಾಞಂಗಾಡು’ ಎಂದು. ಈಗ ನಗು ಬರುತ್ತದೆ. ಆವತ್ತು ಬಂದಿರಲಿಲ್ಲ.

ಆದ್ದರಿಂದ ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಪಂಚಾಯತು, ವಾರ್ಡು. ಕೊನೆಗೆ ಗುರುತಿಗೆ ಒಂದು ಶಾಲೆಯೋ ಮಸೀದಿಯೋ ದೈವಸ್ಥಾನವೋ ಸಾಕು. ಮನೆ ಮುಂದಿನ ಕರೆಂಟ್ ಕಂಬದ ಮೇಲೆ ಪೈಂಟಿನಲ್ಲಿ ಬರೆದ ನಂಬರ್ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಕರೆಂಟಿನ ತೊಂದರೆಗೆ 1912ಕ್ಕೆ ಫೋನ್ ಮಾಡಿದಾಗಲೂ ಬೇಕಾಗುತ್ತದೆ. ಹತ್ತಿರದ ಸ್ಟೇಷನ್ನಿನ ಲ್ಯಾಂಡ್‌ಲೈನ್ ನಂಬರನ್ನು ಎಸ್‌ಟಿಡಿ ಕೋಡ್ ಸಮೇತ ಮೊಬೈಲಿನಲ್ಲಿ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು. ಅದು ಯಾವ ಟವರ್ ಹಿಡಿದರೂ ಸರಿಯಾದ ಜಾಗಕ್ಕೇ ಹೋಗುತ್ತದೆ.

ಇನ್ನು ಭಾಷೆ. ಕಾಸರಗೋಡಿನವರೇ ಆದ ಸಿಬ್ಬಂದಿ ಇದ್ದರೆ ಕನ್ನಡ, ತುಳು ಎರಡೂ ನಡೆಯುತ್ತದೆ. ತೆಂಕು ಜಿಲ್ಲೆಗಳಿಂದ ವರ್ಗವಾಗಿ ಬಂದವರು ಫೋನ್ ಎತ್ತಿದರೆ ಕಷ್ಟ. ನಾಲ್ಕು ಮಾತು ಮಲಯಾಳದಲ್ಲಿ ಕಲಿತಿಡಿ. ಮನೆಯ ಅಜ್ಜಿಗೂ ಮಕ್ಕಳಿಗೂ ಹೇಳಿಕೊಡಿ. ‘ವೀಟಿನ್ ತೀ ಪಿಡಿಚ್ಚು’ ಎಂದರೆ ಮನೆಗೆ ಬೆಂಕಿ ಹಿಡಿದಿದೆ. ‘ಒರಾಳ್ ಕಿಣಟ್ಟಿಲ್ ವೀಣು’ ಎಂದರೆ ಒಬ್ಬರು ಬಾವಿಗೆ ಬಿದ್ದಿದ್ದಾರೆ. ‘ಗ್ಯಾಸ್ ಲೀಕಾಣ್’ ಬಿಡಿಸಿ ಹೇಳಬೇಕಿಲ್ಲ. ‘ವೇಗಂ ವರಣಂ’, ಬೇಗ ಬನ್ನಿ. ಅವರು ‘ವಳಿ ಪರಯೂ’ ಎಂದರೆ ದಾರಿ ಕೇಳುತ್ತಿದ್ದಾರೆ. ಉಚ್ಚಾರ ಕೆಟ್ಟರೂ ಚಿಂತೆಯಿಲ್ಲ, ಅರ್ಥವಾಗುತ್ತದೆ. ಅವರು ಇಡುವ ತನಕ ನೀವು ಫೋನ್ ಇಡಬೇಡಿ.

ಆಮೇಲೆ ಮನೆಯಿಂದ ಒಬ್ಬರು ಟಾರ್ಚ್ ಹಿಡಿದು ಡಾಂಬರು ರಸ್ತೆಗೆ ಓಡಬೇಕು. ಇಲ್ಲಿ ಮನೆಗಳು ತೋಟದ ಒಳಗೆ ಇರುತ್ತವೆ. ಎರಡೂ ಕಡೆ ಮುರಕಲ್ಲಿನ (ಕೆಂಪು ಕಲ್ಲಿನ) ಪಾಗಾರ ಗೋಡೆ, ನಡುವೆ ಓಣಿ. ದೊಡ್ಡ ಗಾಡಿ ನುಗ್ಗುವುದಿಲ್ಲ ಎಂದಾದರೆ ಫೋನಿನಲ್ಲೇ ಹೇಳಿ. ತೋಟದ ಕೆರೆ ಎಲ್ಲಿದೆ ಅನ್ನುವುದನ್ನೂ ಹೇಳಿ, ಅವರ ಪಂಪಿಗೆ ನೀರು ಬೇಕಲ್ವಾ.

ಬಾವಿ ಅಂದರೆ ಭಯವಿರಲಿ

ಘಟ್ಟದ ಮೇಲಿನಿಂದ ಬಂದವರಿಗೆ ಇದು ಹೊಸದು. ಇಲ್ಲಿ ಹೆಚ್ಚಿನ ಮನೆಗೂ ಒಂದು ಬಾವಿ. ದನ ಬೀಳುತ್ತದೆ, ನಾಯಿ ಬೀಳುತ್ತದೆ, ಕೊಡಪಾನ ತೆಗೆಯಲು ಬಗ್ಗಿದವರು ಬೀಳುತ್ತಾರೆ. ಅವರನ್ನು ಎತ್ತುವುದು ಫಯರ್ ಫೋರ್ಸಿನ ದಿನನಿತ್ಯದ ಕೆಲಸಗಳಲ್ಲಿ ಒಂದು. ಬಲೆ, ಹಗ್ಗ, ಉಸಿರಾಟದ ಸಿಲಿಂಡರ್ ಎಲ್ಲಾ ತರುತ್ತಾರೆ.

ಜೀವ ಹೋಗುವುದು ಹೆಚ್ಚಾಗಿ ಎರಡನೆಯವನದ್ದು. ಬಿದ್ದವನನ್ನು ಎತ್ತಲು ಇಳಿದವನದ್ದು. ಏಪ್ರಿಲ್‌ನಲ್ಲಿ ನೀರು ತಳ ಸೇರಿದಾಗ ಪೆಟ್ರೋಲ್ ಅಥವಾ ಸೀಮೆಎಣ್ಣೆ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವವರಿದ್ದಾರೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಕೆಸರು ತೆಗೆಯಲು ಇಳಿದವನು ಕಾಲು ಸೋತು ಕುಸಿಯುತ್ತಾನೆ, ಮೇಲಿದ್ದ ತಮ್ಮ ‘ಅಣ್ಣ ಬಿದ್ದ’ ಎಂದು ಇಳಿಯುತ್ತಾನೆ. ಹಿಂದಿನವರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಗಾಳಿಯಿಲ್ಲ. ಅದು ಸರಿಯೇ. ಆದರೆ ಪಂಪಿನ ಹೊಗೆ ತುಂಬಿದ ಬಾವಿಯಲ್ಲಿ ದೀಪ ಚೆನ್ನಾಗಿಯೇ ಉರಿಯಬಹುದು, ಮನುಷ್ಯ ಉಳಿಯುವುದಿಲ್ಲ. ಪಂಪ್ ಯಾವಾಗಲೂ ಮೇಲೆ, ಪೈಪು ಮಾತ್ರ ಒಳಗೆ.

ಯಾರಾದರೂ ಬಿದ್ದಿದ್ದು ಎಚ್ಚರವಿದ್ದರೆ ಹಗ್ಗಕ್ಕೆ ಟೈರೋ ಏಣಿಯೋ ಕಟ್ಟಿ ಇಳಿಸಿ, ಹಿಡಿದುಕೊಳ್ಳಲು ಹೇಳಿ, ಮಾತಾಡಿಸುತ್ತಾ ಇರಿ. ಎಳೆಯಲು ಹೋಗಬೇಡಿ. ನಮ್ಮ ನೆರೆಯ ಕರು ಬಿದ್ದಾಗ ಊರಿನ ಹುಡುಗನೊಬ್ಬ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಕಟ್ಟಿಯಾಗಿತ್ತು. ಮನೆಯ ದೊಡ್ಡಮ್ಮ ಅವನ ಕೈ ಹಿಡಿದು ಕೂರಿಸಿದರು. ‘ಕರು ಹೋದರೆ ಇನ್ನೊಂದು ಹುಟ್ಟುತ್ತದೆ, ನಿನ್ನನ್ನು ನಿನ್ನ ಅಮ್ಮನಿಗೆ ಎಲ್ಲಿಂದ ತಂದು ಕೊಡಲಿ?’ ಎಂದರು. ಗಾಡಿ ಬಂತು, ಬಲೆ ಇಳಿಯಿತು, ಕರುವೂ ಬಂತು.

ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳೂ ಈ ಕಡೆ ಇವೆ. ಕುಡಿಯಲು, ತೋಟಕ್ಕೆ ನೀರು ಕೊಡುತ್ತವೆ. ನೋಡಲು ತಮಾಷೆ ಎನಿಸಿ ಮಕ್ಕಳು ಒಳಗೆ ಹೋಗುತ್ತಾರೆ. ಹೋಗಬಾರದು. ಒಳಗೆ ಗಾಳಿ ಕಡಿಮೆ, ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ.

ಗ್ಯಾಸ್ ಮತ್ತು ಟ್ಯಾಂಕರ್

ಅಡುಗೆಮನೆಯ ವಿಷಯ ನಿಮಗೆ ಗೊತ್ತಿರುವುದೇ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ. 5 ವರ್ಷಕ್ಕೆ ಬದಲಿಸಬೇಕು. ಬಾಡಿಗೆ ಮನೆಯಲ್ಲಿ ಹಳೆಯ ಪೈಪು ಬಿಟ್ಟುಹೋಗಿದ್ದರೆ ಹೊಸದನ್ನೇ ಹಾಕಿಸಿ. ಸೋರಿಕೆಗೆ 1906. ಹಲಸಿನ ಹಪ್ಪಳ ಕರಿಯುವಾಗ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಬೇಡವೇ ಬೇಡ. ಸ್ಟವ್ ಆರಿಸಿ, ಮುಚ್ಚಳ ಮುಚ್ಚಿ, ತಣಿಯುವ ತನಕ ತೆಗೆಯಬೇಡಿ.

ನಿಮಗೆ ಹೊಸದಾಗಿ ಕಾಣುವುದು ಟ್ಯಾಂಕರ್. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ತೆಂಕಲಾಗಿ ಗ್ಯಾಸ್ ಟ್ಯಾಂಕರುಗಳು ಹೋಗುತ್ತಿರುತ್ತವೆ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಒಂದು ಟ್ಯಾಂಕರ್ ಡಿವೈಡರಿಗೆ ಬಡಿದು ಮಗುಚಿತು. ಸೋರಿದ ಗ್ಯಾಸಿಗೆ ಬೆಂಕಿ ಹತ್ತಿ 20 ಮಂದಿ ಸತ್ತರು. ಮನೆಯೊಳಗೆ ಇದ್ದವರಿಗೂ ಬೆಂಕಿ ತಗುಲಿತ್ತು. ಈ ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹೋಗದೆ ತಗ್ಗಿಗೆ ಹರಿದು ಚರಂಡಿ, ಓಣಿ, ಮನೆ ಸೇರುತ್ತದೆ. ಹೆದ್ದಾರಿ ಪಕ್ಕದಲ್ಲಿ ಟ್ಯಾಂಕರ್ ಮಗುಚಿದೆ ಎಂದು ಗೊತ್ತಾದರೆ ನೋಡಲು ಹೋಗಬೇಡಿ. ಹಂಡೆ ಒಲೆಯ ಬೆಂಕಿಗೆ ನೀರು ಹೊಯ್ಯಿರಿ. ಸ್ವಿಚ್ ಮುಟ್ಟಬೇಡಿ, ಬೈಕ್ ಸ್ಟಾರ್ಟ್ ಮಾಡಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ನಡೆದು ಹೋಗಿ. ಫೋನ್ ಮಾಡುವುದು ದೂರ ಹೋದ ಮೇಲೆ.

ಬೇಸಿಗೆ, ಮಳೆ, ಜಾತ್ರೆ

ಫೆಬ್ರವರಿ ಕಳೆದರೆ ಪದವುಗಳ, ಅಂದರೆ ಗುಡ್ಡದ ಮೇಲಿನ ಬಯಲುಗಳ, ಮುಳಿಹುಲ್ಲು ಒಣಗಿ ಹಪ್ಪಳವಾಗಿರುತ್ತದೆ. ತರಗೆಲೆ ಗುಡಿಸಿ ಬೆಂಕಿ ಕೊಡುವ ಅಭ್ಯಾಸ ಇದ್ದರೆ ಮಧ್ಯಾಹ್ನ ಬೇಡ, ಗಾಳಿ ಇರುವಾಗ ಬೇಡ. ಬಚ್ಚಲು ಒಲೆಯ ಪಕ್ಕ ಸೋಗೆ, ಮಡಲು ರಾಶಿ ಹಾಕಬೇಡಿ. ಅಡಿಕೆ ತೋಟದ ಕೆಲಸಕ್ಕೆ ಬಂದವರಿಗೆ ಒಂದು ಮಾತು. ಅಡಿಕೆ ಕೊಯ್ಯುವ ಉದ್ದ ಕೋಲು, ಅಂದರೆ ದೋಟಿ, ಕಾರ್ಬನ್ ಫೈಬರಿನದ್ದಾದರೆ ಹಗುರ, ನಿಜ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯಲ್ಲೂ ಅಷ್ಟೇ. ಲೈನಿನ ಹತ್ತಿರದ ಮರಕ್ಕೆ ಅದನ್ನು ಎತ್ತುವ ಮೊದಲು ಒಂದು ಸಲ ಮೇಲೆ ನೋಡಿ.

ಮಳೆಗಾಲದಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಬರುತ್ತದೆ. ಕೆಂಪು ಎಂದರೆ ಹೊಳೆ, ಸಮುದ್ರ ನೋಡುವ ಉತ್ಸಾಹ ಬೇಡ. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮ್ 1077. ರಸ್ತೆಗೆ ಮರ ಬಿದ್ದರೂ ಫಯರ್ ಫೋರ್ಸ್ ಬಂದು ಕತ್ತರಿಸುತ್ತದೆ. ಮಗುವಿನ ತಲೆಗೆ ಪಾತ್ರೆ ಸಿಕ್ಕಿಕೊಂಡರೆ, ಬೆರಳು ಊದಿ ಉಂಗುರ ಬಾರದಿದ್ದರೆ ಸ್ಟೇಷನ್ನಿಗೇ ಹೋಗಿ. ನಗುವುದಿಲ್ಲ, ಕತ್ತರಿಸಿ ಕೊಡುತ್ತಾರೆ. ಮನೆಗೆ ಹಾವು ಬಂದರೆ ಅದು ಅರಣ್ಯ ಇಲಾಖೆಯ ಕೆಲಸ. ಅವರದ್ದೇ ‘ಸರ್ಪ’ ಎಂಬ ಆ್ಯಪ್ ಇದೆ.

ಇಲ್ಲಿನ ದೈವಾರಾಧನೆಯ ತೆಯ್ಯಂ, ಕೆಂಡ ಹಾಯುವ ಒತ್ತೆಕೋಲ ನೋಡಲೇಬೇಕಾದ ಸಂಗತಿ. ಆದರೆ ನೈಲಾನ್ ಸೀರೆ ಬೇಡ, ಹತ್ತಿಯದ್ದು ಉಟ್ಟು ಹೋಗಿ. ಕೆಂಡದ ರಾಶಿಯಿಂದಲೂ ಸಿಡಿಮದ್ದು ಇಟ್ಟ ಕಡೆಯಿಂದಲೂ ದೂರ ನಿಲ್ಲಿ. 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ವೀರರ್‌ಕಾವು ದೇವಸ್ಥಾನದಲ್ಲಿ ಪಟಾಕಿ ದಾಸ್ತಾನಿಗೆ ಕಿಡಿ ಹಾರಿ 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಆಮೇಲೆ ತೀರಿಕೊಂಡರು. ಪಟಾಕಿ ಸುಡುವ ಜಾಗದ ಹತ್ತಿರವೇ ದಾಸ್ತಾನು ಇತ್ತು. ಹೋದ ಕಡೆ ಮೊದಲು ಹೊರಗೆ ಹೋಗುವ ದಾರಿ ಎಲ್ಲಿದೆ ನೋಡಿಕೊಳ್ಳಿ, ಆಮೇಲೆ ಕೂರಿ.

ಕೊನೆಗೆ ಕಾಗದಪತ್ರ

ಬೆಂಕಿ ಆರಿಸಲು, ಜೀವ ಉಳಿಸಲು ಬಂದದ್ದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ, ನೀವೂ ಕೊಡಬೇಡಿ. ಇನ್ಶೂರೆನ್ಸಿಗೆ ವರದಿ ಬೇಕಿದ್ದರೆ ಸ್ಟೇಷನ್ನಿಗೆ ಅರ್ಜಿ ಹಾಕಬೇಕು. ಸುಟ್ಟ ವಸ್ತುಗಳ ಫೋಟೋ ತೆಗೆಯದೆ ಜಾಗ ಸ್ವಚ್ಛ ಮಾಡಬೇಡಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಈ ಭಾಗದ ಕನ್ನಡಿಗರಿಗೆ ಆ ಹಕ್ಕಿದೆ. ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ಕೌಂಟರಿನಲ್ಲಿ ಒಮ್ಮೆ ನನ್ನನ್ನೂ ವಾಪಸ್ ಕಳಿಸಿದ್ದರು. ಜಗಳ ಮಾಡಲಿಲ್ಲ. ಕಾನೂನಿನ ಹೆಸರು, ವರ್ಷ ಅರ್ಜಿಯ ಮೇಲ್ಗಡೆ ಬರೆದು ಮರುದಿನ ಅದನ್ನೇ ಕೊಟ್ಟೆ. ತೆಗೆದುಕೊಂಡರು. ಆ ಅರ್ಜಿಯ ಮಾದರಿ ಸಂಘದ ಕಚೇರಿಯಲ್ಲಿದೆ, ಮಲಯಾಳದ ನಾಲ್ಕು ಮಾತುಗಳ ಚೀಟಿಯೂ ಇದೆ. ಬಂದಾಗ ಎರಡನ್ನೂ ಕೇಳಿ ತೆಗೆದುಕೊಳ್ಳಿ. ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕೆಳಗೆ ನಿಮ್ಮ ವಾರ್ಡು ನಂಬರ್ ಬರೆಯಿರಿ.