ಗುಮ್ಮಟದ ಹಿಂದಿನ ಓಣಿಯಲ್ಲಿ ಒಂದು ಮಹಡಿ: ಎನ್‌ಒಸಿ ಪಡೆದ ನನ್ನ ಅನುಭವ

ವಿಜಯಪುರದಲ್ಲಿ ಗುಮ್ಮಟ ಅಂದರೆ ಗೋಳಗುಮ್ಮಟ ಒಂದೇ ಅಲ್ಲ. ಊರೊಳಗೆ ಎತ್ತ ಹೋದರೂ ಒಂದು ಗೋರಿಯೋ, ಮಸೀದಿಯೋ, ಬಾವಡಿಯೋ, ಕೋಟೆಗೋಡೆಯ ತುಂಡೋ ಅಡ್ಡ ಬರುತ್ತದೆ. ನಮ್ಮ ಓಣಿಯ ಹಿಂದೆಯೂ ಒಂದು ಸಣ್ಣ ಗುಮ್ಮಟವಿದೆ. ಪ್ರವಾಸಿಗರು ಅತ್ತ ಹಾಯುವುದಿಲ್ಲ. ಹುಡುಗರಿದ್ದಾಗ ನಾವು ಅದರ ಕಟ್ಟೆಯ ಮೇಲೆಯೇ ಗೋಲಿ ಆಡಿದವರು. ಅದು ಸಂರಕ್ಷಿತ ಸ್ಮಾರಕ ಎಂದು ಸಾರುವ ಮುಂದಿನ ನೀಲಿ ಬೋರ್ಡನ್ನು ಪೂರ್ತಿ ಓದಿದ್ದು ಮಾತ್ರ ನಲವತ್ತು ದಾಟಿದ ಮೇಲೆ.

ಅಪ್ಪ ಕಟ್ಟಿಸಿದ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಬೇಕಿತ್ತು. ತಮ್ಮನ ಮದುವೆ ಗೊತ್ತಾಗಿತ್ತು. ಪ್ಲ್ಯಾನ್ ಬರೆಯುವುದು ನನ್ನದೇ ಕಸುಬು, ಆದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ಹೊರಗಿನ ಹೊಸ ಬಡಾವಣೆಗಳ ಕೆಲಸ. ಪಾಲಿಕೆಗೆ ಹೋದರೆ, "ಮೊದಲ ಎನ್‌ಒಸಿ ತಗೊಂಡು ಬರ್ರಿ" ಅಂದರು. ಸ್ಮಾರಕದ ಹತ್ತಿರ ಕಟ್ಟಲು ಅಡ್ಡಿಯಿಲ್ಲ ಎಂಬ ಪತ್ರ ಅದು. ಇದ್ದ ಮನೆಯ ಮೇಲೆ ಕಟ್ಟುವುದು, ಹೊಸ ಪಾಯ ತೆಗೆಯುವುದಿಲ್ಲ, ಎನ್‌ಒಸಿ ಯಾಕೆ ಎಂದು ವಾದಿಸಿದೆ. ರಾತ್ರಿ ಕಾಯ್ದೆ ತೆಗೆದು ಓದಿದಾಗ ಬಾಯಿ ಮುಚ್ಚಿತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಮೇಲಕ್ಕೆ ಏರಿಸಿದರೂ, ಪಕ್ಕಕ್ಕೆ ಚಾಚಿದರೂ ಅದು ನಿರ್ಮಾಣವೇ. ಸಂರಕ್ಷಿತ ಜಾಗದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

ಹಾಗಾದರೆ ನಮ್ಮ ಮನೆ ಎಷ್ಟು ದೂರ? ಓಣಿಯ ಗುಂಟ ಟೇಪು ಹಿಡಿದರೆ 190 ಮೀಟರ್. ಖುಷಿಯಾಯಿತು. ಆಮೇಲೆ ಬುದ್ಧಿ ಬಂತು, ದೂರ ಅಳೆಯುವುದು ದಾರಿಯ ಮೇಲಲ್ಲ, ನೇರ ಗೆರೆಯಲ್ಲಿ. ನಾಲ್ಕು ಮನೆಯ ಮಾಳಿಗೆ ಹತ್ತಿ ಇಳಿದು ಗುಮ್ಮಟದ ಗೋಡೆಯವರೆಗೆ ಅಳೆದೆವು. 141. ಬೇವಿನ ಗಿಡದ ನೆರಳಲ್ಲಿ ಕೂತಿದ್ದ ಕಾವಲಿನ ಕಾಕಾ ನಮ್ಮ ಕಸರತ್ತನ್ನು ನೋಡಿ ನೋಡಿ ಕೊನೆಗೆ ಎದ್ದು ಬಂದರು.

"ತಮ್ಮಾ, ಗುಮ್ಮಟದಿಂದ ಅಲ್ಲೋ, ಕಲ್ಲಿನಿಂದ ಹಿಡಿ."

ಯಾವ ಕಲ್ಲು? ಬೇಲಿಯ ಮೂಲೆಯ ಕಸದ ಗುಡ್ಡೆಯನ್ನು ಕೋಲಿನಿಂದ ಸರಿಸಿ ತೋರಿಸಿದರು. ಮೊಣಕಾಲೆತ್ತರದ ಗಡಿಗಲ್ಲು, ಅರ್ಧ ಹೂತುಹೋಗಿತ್ತು. ಕಾನೂನಿನ 100 ಮೀಟರ್ ಶುರುವಾಗುವುದು ಕಟ್ಟಡದಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅಲ್ಲಿಂದ ನಮ್ಮ ಜಾಗದ ಹತ್ತಿರದ ಮೂಲೆಗೆ 112 ಮೀಟರ್. ಹನ್ನೆರಡು ಮೀಟರಿನಲ್ಲಿ ನಾವು ಬಚಾವು.

ನಡುವಿನ ಮನೆಯ ಕಾಕು ಬಚಾವಾಗಲಿಲ್ಲ. ಅವರದು 94. ಮಗನಿಗೆ ಮೇಲೊಂದು ಖೋಲಿ ಹಾಕಿಕೊಡಬೇಕೆಂಬ ಆಸೆ ಅಲ್ಲಿಗೆ ಮುಗಿಯಿತು. ಸೋರುವ ಮಾಳಿಗೆಯ ರಿಪೇರಿಗೆ ಅನುಮತಿ ಕೇಳಬಹುದು, ಆದರೆ ಮನೆ 1992ರ ಜೂನ್ 16ಕ್ಕಿಂತ ಮೊದಲಿನದು ಎಂದು ತೋರಿಸಬೇಕು. ಕಾಕು ಟ್ರಂಕಿನ ತಳದಿಂದ 1988ರ ಲೈಟ್ ಬಿಲ್ ತೆಗೆದು ಕೊಟ್ಟರು, ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಗಡಿಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೂ ಗೋಳಗುಮ್ಮಟಕ್ಕೂ ಈ ಪುಟ್ಟ ಗೋರಿಗೂ ಒಂದೇ 100 ಮೀಟರ್ ಅನ್ನುವುದು ನನಗೆ ಇವತ್ತಿಗೂ ಒಗ್ಗಿಲ್ಲ.

ಈ ನಡುವೆ ಒಬ್ಬ ಏಜೆಂಟ್ ಗಂಟುಬಿದ್ದಿದ್ದ. "ಎಲ್ಲಾ ನಾ ಮಾಡಿಸ್ತೀನ್ರಿ, ನೀವು ಕಟ್ಟೂದು ಚಾಲೂ ಮಾಡ್ರಿ" ಅನ್ನುವವನು. ಕೈಮುಗಿದು ಕಳಿಸಿದೆ. ಉತಾರ, ಸಿಟಿ ಸರ್ವೆ ನಕಾಶೆ, ಪ್ಲ್ಯಾನು, ಸೆಕ್ಷನ್ (ಮನೆಯನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ನಕ್ಷೆ), ಎಲಿವೇಷನ್, ನಾಲ್ಕೂ ದಿಕ್ಕಿನ ಫೋಟೊ, ಗಡಿಯಿಂದ ದೂರ ತೋರಿಸುವ ನಕ್ಷೆ ಎಲ್ಲ ಜೋಡಿಸಿ ಆನ್‌ಲೈನಿನಲ್ಲಿ ನಾನೇ ಅರ್ಜಿ ಹಾಕಿದೆ. ಅನುಮತಿ ಕೊಡುವ ನಮ್ಮ ರಾಜ್ಯದ ಸಕ್ಷಮ ಪ್ರಾಧಿಕಾರ ಮೈಸೂರಿನ ಪುರಾತತ್ವ ಇಲಾಖೆಯಲ್ಲಿದೆ. ಅರ್ಜಿ ಅಲ್ಲಿಂದ 15 ದಿನದಲ್ಲಿ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು, ಅವರು ಎರಡು ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು, ಆಮೇಲೆ ಒಂದು ತಿಂಗಳಲ್ಲಿ ಮೈಸೂರಿನಿಂದ ಹೌದು ಅಥವಾ ಇಲ್ಲ ಬರಬೇಕು. ಕಾಗದದ ಮೇಲೆ ಮೂರೂವರೆ ತಿಂಗಳು. ನನಗೆ ಏಳಾಯಿತು. ಮುಕ್ಕಾಲು ಪಾಲು ತಪ್ಪು ನನ್ನದೇ.

ಎತ್ತರದ ಕಾಲಮ್ಮಿನಲ್ಲಿ 7 ಮೀಟರ್ ಎಂದು ಬರೆದಿದ್ದೆ. ಪಾಲಿಕೆಯ ರೂಢಿಯಲ್ಲಿ ಮೇಲಿನ ಸ್ಲ್ಯಾಬಿನವರೆಗೆ ಲೆಕ್ಕ ಹಿಡಿದಿದ್ದೆ. ಒಟ್ಟು ಎತ್ತರ ಎಷ್ಟು ಎಂದು ಪ್ರಶ್ನೆ ವಾಪಸ್ ಬಂತು. ಅವರ ಲೆಕ್ಕದಲ್ಲಿ ಪ್ಯಾರಾಪೆಟ್, ಮೆಟ್ಟಿಲ ಮೇಲಿನ ಹೆಡ್‌ರೂಮ್, ಅದರ ಮೇಲಿನ ನೀರಿನ ಟಾಕಿ ಎಲ್ಲವೂ ಕಟ್ಟಡವೇ. ನಾನು ಬರೆದ ಸೆಕ್ಷನ್ನಿನಲ್ಲೇ ಸ್ಕೇಲ್ ಇಟ್ಟು ನೋಡಿದೆ: ಹೆಡ್‌ರೂಮಿಗೆ 2.4, ಟಾಕಿಯ ಕಟ್ಟೆಗೆ 0.4, ಟಾಕಿಗೆ 1.2. ಒಟ್ಟು 11 ಮೀಟರ್! ಏಳು ಎಂದು ಬರೆದು ಹನ್ನೊಂದು ಕಟ್ಟಲು ಹೊರಟಿದ್ದೆ. ಟಾಕಿಯನ್ನು ಹೆಡ್‌ರೂಮಿನ ನೆತ್ತಿಯಿಂದ ಇಳಿಸಿ ಸ್ಲ್ಯಾಬಿನ ಮೇಲೆ ಹಿಂಭಾಗದ ಮೂಲೆಗೆ ಕೂಡಿಸಿದೆ. 9.4ಕ್ಕೆ ಬಂತು. ನಕ್ಷೆ ತಿದ್ದಿ ಮತ್ತೆ ಹಾಕಿದೆ, ಮತ್ತೆ ಸರದಿ.

ಪತ್ರ ಬಂದಾಗ ತಮ್ಮನ ಮದುವೆ ಮುಗಿದು ಎರಡು ತಿಂಗಳಾಗಿತ್ತು. ಅನುಮತಿಯಲ್ಲಿ ಎತ್ತರವನ್ನು ಟಾಕಿ, ಹೆಡ್‌ರೂಮ್ ಎಲ್ಲ ಸೇರಿಸಿಯೇ ಬರೆದಿದ್ದರು. ಅದರ ಪ್ರತಿ ಮಾಡಿಸಿ ಗೌಂಡಿಯ ಕೈಗೂ ಒಂದು ಕೊಟ್ಟೆ. ಕೊನೆಯ ವಾರ ಅವನು ಹೆಡ್‌ರೂಮಿನ ಮೇಲೆ ನಿಂತು, "ಸಾಹೇಬ್ರ, ಇನ್ನೆರಡ ಸಾಲು ಇಟ್ಟಂಗಿ ಏರಿಸಿದ್ರ ಛಂದ ಕಾಣ್ತದ್ರಿ" ಅಂದ. ಟೇಪು ತಗೊಂಡು ಮೇಲೆ ಹತ್ತಿದೆ. ಅಷ್ಟೊತ್ತಿಗೆ ಒಂದು ಸಾಲು ಇಟ್ಟೇ ಬಿಟ್ಟಿದ್ದ, ತೆಗೆಸಿದೆ.

ಟಾಕಿ ಕೆಳಗಿಳಿದದ್ದಕ್ಕೆ ಮೇಲಿನ ಬಚ್ಚಲದಲ್ಲಿ ನೀರು ಸಣ್ಣಗೆ ಬರುತ್ತದೆ. ತಮ್ಮನ ಹೆಂಡತಿ ದಿನಾ ಬಕೆಟ್ ಇಟ್ಟು ಕಾಯುತ್ತಾಳೆ, "ಭಾವಾ, ನಿಮ್ಮ ಎನ್‌ಒಸಿ ಇನ್ನೂ ತುಂಬಿಲ್ಲ ನೋಡ್ರಿ" ಅನ್ನುತ್ತಾಳೆ.