ಇ-ಸಂಜೀವನಿಯಲ್ಲಿ ಡಾಕ್ಟರ್ ಸಿಗುವ ಮುಂಚೆ ಮಾತ್ರೆ ಶೀಟು ಎತ್ತಿಟ್ಟುಕೊಳ್ಳಿ

ಅಮ್ಮ ಊರಲ್ಲಿ, ನಾನು ಬೆಂಗಳೂರಲ್ಲಿ. ಅಮ್ಮನಿಗೆ ಬಿಪಿ, ಜೊತೆಗೆ ಶುಗರ್. ಒಂದು ಚೀಟಿಗೋಸ್ಕರ ಬಸ್ ಹತ್ತಿ ಅರ್ಧ ದಿನ ಕಾಯುವುದು ತಪ್ಪಲಿ ಅಂತ ಇ-ಸಂಜೀವನಿ ಶುರು ಮಾಡಿದೆವು. ಇದು ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ. ಮನೆಯಿಂದಲೇ ಡಾಕ್ಟರ್ ಹತ್ತಿರ ಮಾತಾಡುವ ಈ ವ್ಯವಸ್ಥೆ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಇದ್ದಾಗ ಬಂತು.

ಮೊದಲ ಸಲ ಕರೆ ಸಿಕ್ಕಿತು, ಕೆಲಸ ಆಗಲಿಲ್ಲ. "ಯಾವ ಮಾತ್ರೆ ತಗೋತಿದ್ದೀರಮ್ಮ?" ಅಂತ ಡಾಕ್ಟರ್ ಕೇಳಿದರು. ಅಮ್ಮ ಶೀಟು ತೋರಿಸಿದರು. ಅದರಲ್ಲಿ ಉಳಿದಿದ್ದು ಎರಡು ಮಾತ್ರೆ, ಹೆಸರಿದ್ದ ತುದಿಯನ್ನು ಮೊದಲೇ ಕತ್ತರಿಸಿ ಎಸೆದಾಗಿತ್ತು. "ಬಿಳಿದು, ಸಣ್ಣದು ಡಾಕ್ಟ್ರೇ" ಅಂದರೆ ಪಾಪ ಅವರಾದರೂ ಏನು ಬರೆದಾರು?

ಅದಕ್ಕೇ ಮೊದಲು ಇದನ್ನು ಮಾಡಿ. ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ಎಷ್ಟು ಎಂಜಿ, ಹೊತ್ತಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಯಿರಿ. ಹಳೆ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟ್ ಎಲ್ಲದರ ಫೋಟೋ ತೆಗೆದಿಡಿ. ಶೀಟನ್ನು ಕ್ಯಾಮೆರಾಗೆ ನೇರ ಹಿಡಿದರೆ ಬೆಳ್ಳಿ ಹಾಳೆ ಹೊಳೆದು ಅಕ್ಷರವೇ ಕಾಣಲ್ಲ, ಸ್ವಲ್ಪ ಓರೆ ಮಾಡಿ ಹಿಡಿಯಿರಿ. ಕಿಟಕಿ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ.

ಮಿಕ್ಕಿದ್ದು ಸುಲಭ. ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ಮೊಬೈಲ್ ನಂಬರ್ ಕೊಡಿ, ಒಟಿಪಿ ಹಾಕಿ, ರೋಗಿಯ ವಿವರ ತುಂಬಿ, ತೊಂದರೆ ಏನು ಅಂತ ಹೇಳಿ, ರಿಪೋರ್ಟ್ ಫೋಟೋ ಸೇರಿಸಿ ಸರದಿಗೆ ಕಾಯಿರಿ. ಕಾಯುವಾಗ ಫೋನ್ ಬಿಟ್ಟು ಅಡುಗೆಮನೆಗೆ ಹೋಗಬೇಡಿ, ಸರದಿ ತಪ್ಪಿ ಹೋಗುತ್ತದೆ.

ಸ್ಮಾರ್ಟ್‌ಫೋನ್ ಇಲ್ವಾ? ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅಂದರೆ ನಾವೆಲ್ಲ ಉಪಕೇಂದ್ರ ಅನ್ನುವ ಕಡೆಗೆ ಹೋಗಿ. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ, ಅವರೇ ದೊಡ್ಡ ಡಾಕ್ಟರಿಗೆ ವಿಡಿಯೋ ಕರೆ ಮಾಡಿಸುತ್ತಾರೆ. ನನ್ನ ಕೇಳಿದರೆ ವಯಸ್ಸಾದವರಿಗೆ ಇದೇ ಒಳ್ಳೆಯದು. ಬಿಪಿ ಎಷ್ಟಿದೆ ಅಂತಲೇ ಗೊತ್ತಿಲ್ಲದೆ ಬಿಪಿ ಮಾತ್ರೆ ಬರೆಯುವುದು ಯಾವ ಡಾಕ್ಟರಿಗೂ ಕಷ್ಟ ಅಲ್ವಾ?

ಎಲ್ಲ ಔಷಧಿಯನ್ನೂ ವಿಡಿಯೋದಲ್ಲಿ ಬರೆಯುವಂತಿಲ್ಲ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ನಿಯಮದ ಪ್ರಕಾರ ಮಾರ್ಫಿನ್ ಥರದ ನೋವಿನ ಔಷಧಿಗೆ ನೇರವಾಗಿಯೇ ಡಾಕ್ಟರನ್ನು ಕಾಣಬೇಕು. ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸ್ವಾಧೀನ ತಪ್ಪುವುದು ಇದ್ದರೆ ಆ್ಯಪ್ ತೆರೆಯಲೇಬೇಡಿ, 108ಕ್ಕೆ ಫೋನ್ ಮಾಡಿ. ಮನಸ್ಸಿಗೆ ತುಂಬಾ ಸಂಕಟ ಇದ್ದರೆ ಟೆಲಿ-ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಸಿಗುತ್ತದೆ.

ಕರೆ ಮುಗಿದ ಮೇಲೆ ಚೀಟಿ ಫೋನಿಗೆ ಬರುತ್ತದೆ. ಮಾತ್ರೆ ಮನೆಗೆ ಬರಲ್ಲ, ನಾವೇ ಹೋಗಿ ತರಬೇಕು. ಮೊದಲು ಪಿಎಚ್‌ಸಿಯಲ್ಲಿ ಕೇಳಿ, ಇದ್ದರೆ ಉಚಿತವಾಗಿ ಕೊಡುತ್ತಾರೆ. ಇಲ್ಲದಿದ್ದರೆ ಜನೌಷಧಿ ಕೇಂದ್ರ, ಅಂದರೆ ಕಡಿಮೆ ಬೆಲೆಗೆ ಮಾತ್ರೆ ಸಿಗುವ ಸರ್ಕಾರಿ ಯೋಜನೆಯ ಅಂಗಡಿ. ಹತ್ತಿರದ ಕೇಂದ್ರ ಎಲ್ಲಿದೆ, ಬೆಲೆ ಎಷ್ಟು ಅನ್ನುವುದನ್ನು ಜನೌಷಧಿ ಸುಗಮ್ ಆ್ಯಪ್‌ನಲ್ಲಿ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ಜನೌಷಧಿಯ ಶೀಟಿನ ಮೇಲೆ ಕಂಪನಿ ಇಟ್ಟ ಹೆಸರು ಇರಲ್ಲ, ಒಳಗಿರುವ ಔಷಧಿಯ ಹೆಸರೇ ಇರುತ್ತದೆ, ಆಮ್ಲೋಡಿಪಿನ್ 5 ಎಂಜಿ ಅನ್ನುವ ಹಾಗೆ. ಅಮ್ಮ ಅದನ್ನು ಹೊಸ ಮಾತ್ರೆ ಅಂದುಕೊಂಡು ಹಳೆಯದರ ಜೊತೆಗೆ ಇದನ್ನೂ ನುಂಗಲು ಹೊರಟಿದ್ದರು! ಎರಡೂ ಒಂದೇ ಔಷಧಿ. ಹೊಸದು ತಂದ ದಿನವೇ ಹಳೆ ಶೀಟಿನ ಪಕ್ಕ ಇಟ್ಟು ಸಣ್ಣಕ್ಷರ ಓದಿ, ಅನುಮಾನ ಬಂದರೆ ಅಂಗಡಿಯಲ್ಲೇ ಕೇಳಿ, ಒಂದೇ ಆಗಿದ್ದರೆ ಹಳೆಯದನ್ನು ಡಬ್ಬಿಯಿಂದ ತೆಗೆದುಬಿಡಿ. ಮತ್ತೆ ಮಾತ್ರೆ ಬಿಡಿಸುವಾಗ ಹೆಸರಿಲ್ಲದ ತುದಿಯಿಂದ ಶುರು ಮಾಡಿ.